417ಕ್ಕೆ ಯಾರೂ ಹೇಳಲಿಲ್ಲ

ಸಂಶೋಧನಾ ನೀತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಅಧ್ಯಯನದ ಫಲಿತಾಂಶವನ್ನು ರೋಗಿಗೆ ತಿಳಿಸಕೂಡದೆಂಬ ನಿಮ್ಮ ನಿಯಮವನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಅದರಿಂದ ನನ್ನ ಅಕ್ಕನಿಗೆ ಅನ್ಯಾಯವಾಯಿತು. ದೂರು ಇಷ್ಟೇ.

ಹತ್ತೊಂಬತ್ತು ವರ್ಷಗಳಿಂದ ನಾನು ಪ್ರಯೋಗಾಲಯದ ತಂತ್ರಜ್ಞೆ. ಅನ್ನನಾಳದ ಕ್ಯಾನ್ಸರ್ ಆದವರ ಗಡ್ಡೆಯ ಚೂರುಗಳು ಹಲವು ಆಸ್ಪತ್ರೆಗಳಿಂದ ನಮ್ಮಲ್ಲಿಗೆ ಬರುತ್ತವೆ. ಕೂದಲೆಳೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತೇನೆ. ನೀವು ಹುಡುಕುತ್ತಿರುವ ಪ್ರೋಟೀನು ಇದ್ದಲ್ಲಿ ಕಂದು ಮೂಡುತ್ತದೆ. ಕಂದು ಗಾಢವಾದಷ್ಟೂ ರೋಗ ಬೇಗ ಮರಳುವ ಸಂಭವ ಹೆಚ್ಚೆಂಬುದು ನಿಮ್ಮ ಅಧ್ಯಯನದ ಊಹೆ. ಗಾಜಿನ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಒಂದು ಬೆಳಿಗ್ಗೆ 417 ಕಾಫಿಪುಡಿ ಚೆಲ್ಲಿದಂತೆ ಕಂಡಿತು. ಪಾಪ, ಯಾರೋ ಏನೋ ಎಂದುಕೊಂಡು ಮುಂದಿನದನ್ನು ಎತ್ತಿಕೊಂಡೆ.

ವಾರದ ನಂತರ ಅಕ್ಕನ ಮನೆಯಲ್ಲಿ, ಅವಳ ಹೊಲಿಗೆ ಯಂತ್ರದ ಖಾನೆಯಲ್ಲಿ ಕತ್ತರಿ ಹುಡುಕುವಾಗ ಅವಳೇ ಸಹಿ ಮಾಡಿದ ಒಪ್ಪಿಗೆ ಪತ್ರ ಸಿಕ್ಕಿತು. ಮೇಲ್ತುದಿಯಲ್ಲಿ 417. ಅವಳಿಗೂ ಅದೇ ಕ್ಯಾನ್ಸರ್; ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾಗಿತ್ತು. ಅಕ್ಕ ಕಿಟಕಿಯ ಬಳಿ ಕೂತು ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಕಷ್ಟಪಟ್ಟು ನುಂಗುತ್ತಿದ್ದಳು.

"ನನ್ನ ಚೂರು ನಿನ್ನ ಕೈಗೇ ಬಂತೇನೇ?"

"ಬಂದ್ರೂ ಗೊತ್ತಾಗಲ್ಲ ಅಕ್ಕ. ಹೆಸರೇ ಇರಲ್ಲ."

"ಗೊತ್ತಾದ್ರೆ ಹೇಳ್ತೀಯಲ್ಲ?"

ಕತ್ತರಿ ಸಿಕ್ಕಿತು ಅಂದೆ.

ಮೂರು ವರ್ಷದಿಂದ ಮಾತು ಬಿಟ್ಟಿದ್ದ ಮಗಳಿಗೆ ಫೋನ್ ಮಾಡಬೇಕೆಂದು ಅಕ್ಕನಿಗೆ ಆಸೆಯಿತ್ತು. ಆದರೆ ದನಿ ಗೊಗ್ಗರಾಗಿತ್ತು. ಈ ದನಿಯಲ್ಲಿ ಮಾತಾಡಿದರೆ ಕರುಣೆ ಬೇಡಿದಂತಾಗುತ್ತದೆ, ಗಂಟಲು ಸರಿಹೋಗಲಿ ಅನ್ನುತ್ತಿದ್ದಳು. ನಿಧಾನಕ್ಕೆ ಮಾಡು ಅಂತ ನಾನೂ ಅಂದೆ. ಮೂರೇ ತಿಂಗಳಲ್ಲಿ ರೋಗ ಮರಳಿತು. ಮಗಳು ಬಂದಾಗ ಅಕ್ಕನಿಗೆ ಎಚ್ಚರವಿರಲಿಲ್ಲ. ಮತ್ತೆ ಎಚ್ಚರವಾಗಲೂ ಇಲ್ಲ.

"ಚಿಕ್ಕಮ್ಮ, ನಿಮಗೆ ಮೊದಲೇ ಗೊತ್ತಿತ್ತಾ?"

ಗೊತ್ತಿತ್ತು ಅಂದೆ.

ಸಾಬೀತಾಗದ್ದನ್ನು ಹೇಳಿ ಹೆದರಿಸಬಾರದು ಎನ್ನುತ್ತೀರಿ. ಕಡುಗಂದು ಗಾಜಿನವರು ಹತ್ತು ವರ್ಷ ಬದುಕಿದ್ದೂ ಉಂಟು, ಒಪ್ಪಿದೆ. ಆದರೆ ಚೂರು ಯಾರ ಸ್ವತ್ತು ಎಂಬುದಕ್ಕೆ ಎರಡು ಪುಟ ಮೀಸಲಿಟ್ಟ ನಿಮ್ಮ ಒಪ್ಪಿಗೆ ಪತ್ರದಲ್ಲಿ 'ನಿಮಗೆ ತಿಳಿಯಬೇಕೇ?' ಎಂಬ ಒಂದು ಸಾಲಿಗೆ ಜಾಗ ಸಾಲಲಿಲ್ಲವೇ? ಹೆದರುವ ಹಕ್ಕನ್ನೂ ಸಮಿತಿಯೇ ಇಟ್ಟುಕೊಂಡಿತೇ? ಈಗ ಯಾವ ಗಾಜು ಎತ್ತಿದರೂ ಅದರ ಹಿಂದೆ ಯಾರೋ ಕಿಟಕಿಯ ಬಳಿ ಕೂತಿರುತ್ತಾರೆ.

ಆ ಸಾಲನ್ನು ಸೇರಿಸಿ. ತಿಳಿಯಬೇಕು ಎಂದವರನ್ನು ವೈದ್ಯರ ಎದುರು ಕೂರಿಸಿ, ಊಹೆಯನ್ನು ಊಹೆಯೆಂದೇ ಹೇಳಿ. ಬೇಡವೆಂದವರನ್ನು ಅವರ ಪಾಡಿಗೆ ಬಿಡಿ. ಈ ಪತ್ರಕ್ಕಾಗಿ ನನ್ನ ಮೇಲೆ ಶಿಸ್ತುಕ್ರಮವಿದ್ದರೆ, ಅದನ್ನು ಮಾತ್ರ ದಯವಿಟ್ಟು ತಡಮಾಡದೆ ತಿಳಿಸಿ.

ಇಂತಿ,
ಅಕ್ಕನ ಮಗಳು ಈಗ ಮಾತು ಬಿಟ್ಟಿರುವ ಒಬ್ಬ ಚಿಕ್ಕಮ್ಮ