ಕಿಟಕಿಯಾಚೆಯ ಗೂಬೆ

ಜನವರಿ ಹನ್ನೊಂದು, ಭಾನುವಾರ

ನನ್ನ ಕಡ್ಡಿಗೆ,

ಅಕ್ಕನ ಆಶೀರ್ವಾದ. ನೀನು, ನಿನ್ನ ಹೆಂಡತಿ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನೀನು ಕಳಿಸಿದ ಕ್ಯಾಲೆಂಡರ್ ಹೊಸ ವರ್ಷಕ್ಕೆ ಮೊದಲೇ ಬಂತು. ತಲುಪಿತು ಎಂದು ಒಂದು ಸಾಲು ಬರೆಯಲು ಇಷ್ಟು ತಡ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದಾಗಲೆಲ್ಲ ಬೈಗುಳವೇ ಬರುತ್ತಿತ್ತು. ಇವತ್ತೂ ಬರುತ್ತಿದೆ, ಸ್ವಲ್ಪ ಸೋಸಿ ಬರೆಯುತ್ತೇನೆ.

ನಿನ್ನ ಭಾವ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಹತ್ತಿ ಗಿರಣಿಯ ಧೂಳು ಅವರ ಎದೆ ಬಿಟ್ಟು ಹೋಗುವಂಥದ್ದಲ್ಲವಂತೆ. ಚಳಿ ಕಳೆಯುವವರೆಗೆ ಹಾಸಿಗೆ ಬಿಟ್ಟು ಏಳಬಾರದು, ದಿಂಬು ಏರಿಸಿ ಒರಗಿಸಿಯೇ ಮಲಗಿಸಿ ಎಂದಿದ್ದಾರೆ ಡಾಕ್ಟರು. ನನ್ನ ಮೊಣಕಾಲು ಹೇಗಿತ್ತೋ ಹಾಗೇ ಇದೆ. ನೀನು ಕೇಳಲಿಲ್ಲ, ಆದರೂ ಹೇಳಿದೆ.

ಈ ಚಳಿಗಾಲದ ಶುರುವಿನಲ್ಲಿ ಅವರ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದಿದ್ದೆನಲ್ಲ, ಆಚೆ ಬೀಗ ಬಿದ್ದ ಗೋದಾಮು, ಅದರ ಹಿಂದೆ ಆ ದಟ್ಟ ಮರ. ಒಂದು ಬೆಳಿಗ್ಗೆ ಅವರು ನನ್ನ ಸೆರಗು ಜಗ್ಗಿ, "ನೋಡೇ ಅಲ್ಲಿ" ಎಂದರು. ನನಗೆ ಕಂಡದ್ದು ಒಣಗಿದ ಕೊಂಬೆಯ ಮೋಟು. "ಮೋಟಿಗೆ ಕಿವಿ ಇರ್ತಾವೇನೇ?" ಎಂದು ನಕ್ಕರು. ಆಮೇಲೆ ನಾನೂ ನೋಡಿದೆ, ಎರಡು ಕಿವಿಗರಿ ನಿಮಿರಿಸಿಕೊಂಡು ಗೂಬೆ ಕಣ್ಣು ಮುಚ್ಚಿ ಕೂತಿತ್ತು. ಇಷ್ಟು ವರ್ಷ ದುರ್ಬೀನು ನೇತುಹಾಕಿಕೊಂಡು ಕೆರೆ ಗುಡ್ಡ ಅಲೆದ ಮನುಷ್ಯ ಎದ್ದು ಹೋಗಲಾರದೆ ಮಲಗಿದಾಗ ಹಕ್ಕಿಯೇ ಹುಡುಕಿಕೊಂಡು ಬಂದಿತ್ತು. ಅವತ್ತು ಅವರು ಎರಡು ತುತ್ತು ಹೆಚ್ಚು ಉಂಡರು. ಕೈ ತೊಳೆಯುವ ಮೊದಲೇ, "ಕಡ್ಡಿಗೆ ಫೋನ್ ಮಾಡೇ" ಎಂದರು.

ನಿನಗೆ ಹಕ್ಕಿ ನೋಡುವುದನ್ನು ಕಲಿಸಿದ್ದೇ ಅವರು. ಅಮ್ಮ ಹೋದಮೇಲೆ ನೀನು ನಮ್ಮ ಮನೆಗೆ ಬಂದಾಗ ತಮ್ಮ ದುರ್ಬೀನನ್ನು ನಿನ್ನ ಕೊರಳಿಗೆ ಹಾಕಿದವರು. ಬೇರೆ ಹಕ್ಕಿ ಕಂಡರೆ ಊರಿಗೆಲ್ಲ ಸಾರು, ಗೂಬೆ ಕಂಡರೆ ಮಾತ್ರ ಬಾಯಿಗೆ ಬೀಗ ಹಾಕಿಕೋ ಎಂದು ಎಷ್ಟು ಸಲ ಹೇಳಿದ್ದರು! ಕಂಡವರು ತಾವು ನಂಬಿದ ಒಬ್ಬರನ್ನು ಕರೆದೊಯ್ದು ತೋರಿಸಬಹುದು. ನೋಡಿದವರು ಇನ್ನೊಬ್ಬರಿಗೆ ತೋರಿಸುವ ಹಾಗಿಲ್ಲ. "ಹಗಲೆಲ್ಲ ನಿದ್ದೆ ಮಾಡೋ ಜೀವ ಕಣೋ. ಮಲಗಿದೋರ ಮನೆಗೆ ಜನ ಕರೀತಾರಾ?" ಎನ್ನುತ್ತಿದ್ದರು. ನೀನು ಮಾರುದ್ದದ ಲೆನ್ಸ್ ಹೊತ್ತು ಬಂದು, ಅವರ ಮಂಚದ ಮೇಲೇ ಮೊಣಕಾಲೂರಿ ಫೋಟೋ ತೆಗೆದೆ. "ಭಾವ, ಸತ್ರೂ ಯಾರಿಗೂ ಹೇಳಲ್ಲ" ಎಂದೆ. ನೀನು ಸತ್ತಿಲ್ಲ, ಗಟ್ಟಿಮುಟ್ಟಾಗಿಯೇ ಇದ್ದೀಯ.

ಮುಂದಿನ ವಾರ ಅವರಿಗೆ ಉಸಿರು ಸಿಕ್ಕಿಹಾಕಿಕೊಂಡು, ಇಡೀ ರಾತ್ರಿ ಕೆಮ್ಮಿ ಕೆಮ್ಮಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಬಟ್ಟೆ ಒಯ್ಯಲು ಮನೆಗೆ ಬಂದ ದಿನ ನೋಡುತ್ತೇನೆ, ಗೋದಾಮಿನ ಕಾಂಪೌಂಡ್ ಗೋಡೆಯ ಮೇಲೆಲ್ಲ ಜನ. ಒಬ್ಬ ಫೋನಿನಲ್ಲಿ ಗೂಬೆಯ ಕೂಗು ಹಾಕುತ್ತಿದ್ದಾನೆ. ಅದು ಕಣ್ಣು ಬಿಡಲಿ ಅಂತ ಇನ್ನೊಬ್ಬ ಕಲ್ಲು ಎಸೆಯುತ್ತಿದ್ದಾನೆ. ನಾನು ಬೀಗ ತೆಗೆಯುವಾಗ ಒಬ್ಬ ಬಹಳ ಮರ್ಯಾದೆಯಿಂದ ಬಂದು, "ಅಮ್ಮಾ, ನಿಮ್ಮ ಮಲಗೋ ಕೋಣೆ ಕಿಟಕಿ ಸ್ವಲ್ಪ ತೆಗೀತೀರಾ? ಅಲ್ಲಿಂದ ಮುಖ ಚೆನ್ನಾಗಿ ಕಾಣುತ್ತಂತೆ" ಎಂದ.

ಆ ಕಿಟಕಿಯ ಸಂಗತಿ ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಬೀಗ ಅಲ್ಲೇ ಬಿಟ್ಟು ಗೋಡೆಯ ಹತ್ತಿರ ಹೋದೆ. ನಾನು ಕೂಗಾಡುತ್ತಿದ್ದಂತೆಯೇ ಅದು ಹಾರಿತು. ನಡು ಹಗಲಲ್ಲಿ, ದಿಕ್ಕು ತೋಚದೆ. ಕಾಗೆಗಳ ಹಿಂಡು ಅದನ್ನು ಕುಕ್ಕುತ್ತಾ ಅಟ್ಟಿಸಿಕೊಂಡು ಹೋಯಿತು. ಗೋಡೆಯ ಮೇಲಿದ್ದವರು ಅದರ ಫೋಟೋವನ್ನೂ ತೆಗೆದರು.

ಫೋನ್ ಮಾಡಿದರೆ ನೀನೇನೆಂದೆ? "ಅಕ್ಕಾ, ನಾನು ಒಬ್ಬರಿಗೇ ಹೇಳಿದ್ದು. ನಮ್ಮ ಹಕ್ಕಿ ನೋಡೋರ ಸಂಘದ ಅಧ್ಯಕ್ಷರಿಗೆ. ಕೇಳಿದ್ರು, ಹೇಗೆ ಇಲ್ಲ ಅನ್ನಲಿ?" ಅಧ್ಯಕ್ಷರೂ ಒಬ್ಬರಿಗೇ ಹೇಳಿರಬೇಕು. ಆ ಒಬ್ಬರೂ ಒಬ್ಬರಿಗೇ ಹೇಳಿರಬೇಕು. ಗೋಡೆಯ ಮೇಲೆ ಕೂತಿದ್ದವರೆಲ್ಲ ಅಂಥ ಒಬ್ಬೊಬ್ಬರೇ.

ಈಗ ನಿಮ್ಮ ಸಂಘದ ಈ ಕ್ಯಾಲೆಂಡರ್. ಜನವರಿ ಪುಟದಲ್ಲಿ ನಮ್ಮ ಗೂಬೆ, ಕೆಳಗೆ ದಪ್ಪ ಅಕ್ಷರದಲ್ಲಿ ನಿನ್ನ ಹೆಸರು. ಅಧ್ಯಕ್ಷರಿಗೆ ಇಲ್ಲ ಅನ್ನಲು ಯಾಕಾಗಲಿಲ್ಲ ಎಂದು ಆಗ ಅರ್ಥವಾಯಿತು. ಫೋಟೋ ಚೆನ್ನಾಗಿದೆ, ಸುಳ್ಳು ಹೇಳಲಾರೆ. ಸುರುಳಿ ಸುತ್ತಿ ಬೀರುವಿನ ಮೇಲೆ, ಕಂಬಳಿಯ ಹಿಂದೆ ಇಟ್ಟಿದ್ದೇನೆ. ನಿನ್ನ ಭಾವ ಅದನ್ನು ನೋಡಿದರೆ ಮೊದಲು ಹಿಗ್ಗುತ್ತಾರೆ, ಆಮೇಲೆ ಲೆಕ್ಕ ಹಾಕುತ್ತಾರೆ. ಗೋಡೆಯ ಮೇಲಿನ ಜನರ ಸುದ್ದಿ ಅವರಿಗೆ ನಾನು ಹೇಳಿಲ್ಲ. ಗೂಬೆಯಂತೂ ಹೋಯಿತು, ನೀನೂ ಹೋಗುವುದು ಬೇಡ ಎಂದು ಸುಮ್ಮನಿದ್ದೇನೆ.

ನಿನಗೆ ಒಳ್ಳೆಯದಾಗಲಿ. ಇವತ್ತು ಇದನ್ನು ಕೈ ಬರೆಯುತ್ತಿದೆ, ಮನಸ್ಸು ಇನ್ನೂ ಬರೆಯುತ್ತಿಲ್ಲ. ಚಳಿಯಲ್ಲಿ ಬೆಳಿಗ್ಗೆ ಹೊರಗೆ ಹೋಗುವಾಗ ಕಿವಿ ಮುಚ್ಚಿಕೋ.

ನಿನ್ನ ಅಕ್ಕ

ಇದು ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು: ಆಸ್ಪತ್ರೆಯಿಂದ ಬಂದಾಗಿನಿಂದ ನಿನ್ನ ಭಾವ ಬಾಯಿಗೆ ಟವೆಲ್ ತುರುಕಿಕೊಂಡು ಕೆಮ್ಮುತ್ತಾರೆ. ಕಣ್ಣು ಕೆಂಪಾಗುತ್ತದೆ, ಕೊರಳಿನ ನರ ಉಬ್ಬುತ್ತದೆ, ಸದ್ದು ಮಾತ್ರ ಹೊರಗೆ ಬಿಡುವುದಿಲ್ಲ. ಯಾಕೆ ಹೀಗೆ ಸಾಯುತ್ತೀರಿ ಎಂದು ನಿನ್ನೆ ಟವೆಲ್ ಕಿತ್ತುಕೊಂಡೆ. "ಅವತ್ತು ರಾತ್ರಿಯೆಲ್ಲ ಕೆಮ್ಮಿದ್ನಲ್ಲ, ಅದಕ್ಕೇ ಹೆದರಿ ಹೋಯ್ತು ಕಣೇ. ಸದ್ದಿಲ್ದೆ ಇದ್ರೆ ತಿರುಗಿ ಬಂದ್ರೂ ಬರಬಹುದು" ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಓಡಿಸಿದ್ದು ನಾನು ಅಂತ ಕಡ್ಡಿಗೆ ಹೇಳಬೇಡ. ಪಾಪ, ಎಷ್ಟು ಆಸೆಯಿಂದ ನೋಡಿದ್ದ" ಎಂದರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಈಗ ನಾನೂ ಒಬ್ಬರಿಗೇ ಹೇಳಿದ್ದೇನೆ. ಅವರ ಬಾಯಿಯ ಟವೆಲ್ ತೆಗೆಸಲು ನನ್ನಿಂದ ಆಗುವುದಿಲ್ಲ, ನೀನೇ ಬಾ.