ನಿಜ ಬರೆದಿದ್ದಕ್ಕೆ ಅಮ್ಮನ ವೀಸಾ ಹೋಯಿತು

ಮಾನ್ಯ ವೀಸಾ ಅಧಿಕಾರಿಗಳೇ,

ಹೀಗೆ ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಮೂರು ಇಮೇಲ್ ಕಳಿಸಿದೆ. ಮೂರಕ್ಕೂ ಯಂತ್ರವೇ ಉತ್ತರಿಸಿತು. ವಿಷಯ ಇಷ್ಟು: ನಿಜ ಬರೆಯಿರಿ, ತೊಂದರೆಯಿಲ್ಲ ಎಂದು ನಿಮ್ಮ ಕಚೇರಿಯೇ ನನಗೆ ಲಿಖಿತವಾಗಿ ತಿಳಿಸಿತು. ಬರೆದೆವು. ಅದನ್ನೇ ಕಾರಣ ಮಾಡಿ ನನ್ನ ಅಮ್ಮನ ಅರ್ಜಿ ತಿರಸ್ಕರಿಸಿದಿರಿ.

ಅಮ್ಮ, ಶಾಂತಕುಮಾರಿ, ಮಾಯಸಂದ್ರದ ಹತ್ತಿರ ನಮ್ಮ ತೋಟದ ಮನೆಯಲ್ಲೇ ಕೂತು ಬೆಂಗಳೂರಿನ ಪ್ರಕಾಶಕರೊಬ್ಬರಿಗೆ ಶಾಲಾಪುಸ್ತಕಗಳ ಕರಡನ್ನು ಲ್ಯಾಪ್‌ಟಾಪ್‌ನಲ್ಲಿ ತಿದ್ದುತ್ತಾರೆ. ನಿಮ್ಮ ದೇಶದಲ್ಲಿರುವ ನನ್ನ ಅಕ್ಕ ಆಶಾಗೆ ಇದೇ ಇಪ್ಪತ್ತೆಂಟಕ್ಕೆ ಹೆರಿಗೆ ಎಂದಿದ್ದಾರೆ. ಹೋದ ವರ್ಷದ ಬಸಿರು ಐದನೇ ತಿಂಗಳಿಗೇ ಹೋಯಿತು. ಆಗ ಆಸ್ಪತ್ರೆಯಲ್ಲಿ ಅವಳೊಬ್ಬಳೇ ಇದ್ದಳು. ಈ ಸಲ ಅಮ್ಮ ಮೂರು ತಿಂಗಳು ಬಾಣಂತನಕ್ಕೆ ಹೋಗುವುದೆಂದಾಯಿತು. ಕೆಲಸ ಬಿಡಲು ಮಾತ್ರ ಒಪ್ಪಲಿಲ್ಲ. "ಅಳಿಯನ ಮನೇಲಿ ಮೂರ್ ತಿಂಗ್ಳು ಸುಮ್ನೆ ಕೂತು ಉಣ್ಣಕಾಯ್ತದಾ? ಮಗು ಮಲಗ್ದಾಗ ನಾಕು ಪುಟ ನೋಡ್ಕತೀನಿ ಬುಡು" ಎಂದರು.

ಭೇಟಿಯ ಅವಧಿಯಲ್ಲಿ ಕೆಲಸ ಮಾಡುವಿರಾ ಎಂದು ನಿಮ್ಮ ಫಾರ್ಮ್ ಕೇಳುತ್ತದೆ. ತಿಪಟೂರಿನಲ್ಲಿ ಅರ್ಜಿ ತುಂಬಿಕೊಡುವ ಅಂಗಡಿಯ ಏಕಾಂತಯ್ಯನವರು, "ಇಲ್ಲ ಅಂತ ಟಿಕ್ ಹಾಕವ್ವ. ನಿಮ್ಮಮ್ಮ ರೂಮಲ್ಲಿ ಏನ್ ಮಾಡ್ತಾರೆ ಅಂತ ಯಾರ್ ಬಂದು ನೋಡ್ತಾರೆ?" ಎಂದರು.

"ಅದು ಫಾಲ್ಸ್ ಡಿಕ್ಲರೇಶನ್ ಆಗುತ್ತೆ ಅಂಕಲ್."

"ಓಹೋ, ಹಾಸ್ಟೆಲ್ ಇಂಗ್ಲೀಷು! ಹಂಗಾರೆ ನೀನೇ ತುಂಬ್ಕೊ ತಾಯಿ" ಎಂದು ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿದ್ದವಳು ನಾನು. ರೂಲ್ ಎಂದರೆ ಎರಡೆರಡು ಸಲ ಓದುವ ಅಭ್ಯಾಸ. ಅದಕ್ಕೇ ನಿಮ್ಮ ಸಹಾಯ ವಿಭಾಗವನ್ನು ಕೇಳಿದೆ. ಬರುವ ಮುಖ್ಯ ಉದ್ದೇಶ ಭೇಟಿಯಾಗಿದ್ದರೆ, ಸ್ವದೇಶದ ಸಂಸ್ಥೆಗೆ ದೂರದಿಂದ ಮಾಡುವ ಕೆಲಸಕ್ಕೆ ಅಡ್ಡಿಯಿಲ್ಲ, ಅದನ್ನು ನಮೂದಿಸಿ ಎಂದು ಇಮೇಲ್‌ನಲ್ಲಿ ಉತ್ತರ ಬಂತು. ಆ ಉತ್ತರವನ್ನೂ ಪ್ರಕಾಶಕರ ಪತ್ರವನ್ನೂ ಅರ್ಜಿಗೆ ಲಗತ್ತಿಸಿದೆ.

ಎರಡು ವಾರಕ್ಕೆ ನಿಮ್ಮ ಆದೇಶ: "ಅರ್ಜಿದಾರರು ಉದ್ಯೋಗದ ಉದ್ದೇಶ ಹೊಂದಿದ್ದಾರೆ." ಐವತ್ತೆರಡರ ಹೆಂಗಸು ಅಲ್ಲಿ ಯಾರ ಉದ್ಯೋಗ ಕಸಿಯಲು ಹೊರಟಿದ್ದರು, ಮಾನ್ಯರೇ? ನಾಲ್ಕನೇ ತರಗತಿಯ ಕನ್ನಡ ಪಾಠದಲ್ಲಿ ಒತ್ತಕ್ಷರ ತಿದ್ದಲು ನಿಮ್ಮ ರಾಜಧಾನಿಯಲ್ಲಿ ಎಷ್ಟು ಮಂದಿ ಕ್ಯೂ ನಿಂತಿದ್ದಾರೆ? ಅದೇ ವಾರ, ಅದೇ ಅಂಗಡಿಯಲ್ಲಿ 'ಇಲ್ಲ' ಎಂದು ಟಿಕ್ ಹಾಕಿಸಿದ ಇಬ್ಬರಿಗೆ ವೀಸಾ ಬಂತು. ಅವರು ಬ್ಯಾಗಿಗೆ ತುಂಬಿಕೊಂಡು ಹೋದ ಲ್ಯಾಪ್‌ಟಾಪ್ ಸಿನಿಮಾ ನೋಡುವುದಕ್ಕಿರಬೇಕು! ಅವರ ಹೆಸರು ಹೇಳಲಾರೆ. ನಿಜ ಹೇಳಿದರೆ ಏನಾಗುತ್ತದೆಂದು ಒಮ್ಮೆ ಕಲಿತಾಯಿತು.

ಅಮ್ಮ ನನ್ನನ್ನು ಬೈಯಲಿಲ್ಲ. ಅಕ್ಕ ಫೋನಿನಲ್ಲಿ, "ನೀನ್ ಓದಿದ್ದು ಜಾಸ್ತಿ ಆಯ್ತು ಕಣೇ" ಎಂದು ಕಟ್ ಮಾಡಿದಳು. ಈಗ ಅಮ್ಮನ ಹತ್ತಿರ ಮಾತ್ರ ಮಾತಾಡುತ್ತಾಳೆ. ನನ್ನ ಪರವಾಗಿ ಅವಳಿಗೆ ತೋರಿಸಲು ನಿಮ್ಮ ಆ ಇಮೇಲ್ ಬಿಟ್ಟರೆ ನನ್ನಲ್ಲಿ ಬೇರೇನೂ ಇಲ್ಲ. ಅದನ್ನು ನಂಬಿದವಳು ನಾನು, ಶಿಕ್ಷೆ ಅವಳಿಗೆ. ಇದು ಯಾವ ನ್ಯಾಯ?

ನಿಮ್ಮ ಕಚೇರಿಯ ಮಾತನ್ನು ನಿಮ್ಮ ಮುಂದೆಯೇ ಇಟ್ಟುಕೊಂಡು ಆ ಫೈಲನ್ನು ಮತ್ತೆ ತೆರೆಯಿರಿ. ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು ಹೋಗಲೂ ಅಮ್ಮ ಈಗ ತಯಾರು. ಕೆಲಸ ಹೋದರೆ ಹೋಗಲಿ ಎನ್ನುತ್ತಾರೆ. ಮರುಪರಿಶೀಲನೆಗೆ ಆರು ವಾರ ಬೇಕೆಂದು ನಿಮ್ಮ ವೆಬ್‌ಸೈಟ್ ಹೇಳುತ್ತದೆ. ಹೆರಿಗೆಗೆ ಉಳಿದಿರುವುದು ಹತ್ತೊಂಬತ್ತು ದಿನ. ದಯವಿಟ್ಟು ಈ ವಾರವೇ ಉತ್ತರಿಸಿ.

ಇಂತಿ,
ಅಕ್ಕ ಮಾತು ಬಿಟ್ಟಿರುವ ತಂಗಿ,
ಬಿ.ಎಸ್ಸಿ. ಮೊದಲ ವರ್ಷ, ತುರುವೇಕೆರೆ ತಾಲ್ಲೂಕು