ಹಣೆಯಿಲ್ಲದ ಮುಖ

ಚಿಯಾಯಿ,
ಮಾರ್ಚ್ ೧೬, ೨೦೧೯

ಪ್ರೀತಿಯ ಅಣ್ಣಾ,

ನಿನ್ನ ಮೊಣಕಾಲಿನ ಬಾವು ಇಳಿಯಿತೇ? ಪೆಂಗ್‌ಹು ದ್ವೀಪದ ಗಾಳಿ ಈಗಲಾದರೂ ಸುಮ್ಮನಾಯಿತೋ, ಇಲ್ಲ ಅತ್ತಿಗೆ ಒಣಹಾಕಿದ ಬೊಂಡಾಸ ಮೀನನ್ನು ಮತ್ತೆ ಪಕ್ಕದವರ ಅಂಗಳಕ್ಕೆ ಹಾರಿಸಿತೋ? ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಬೆರಳುಗಳು ಮರಗಟ್ಟುತ್ತವೆ; ಬಿಸಿನೀರಿನಲ್ಲಿ ಅದ್ದಿದರೆ ಕುಂಚ ಹಿಡಿಯುತ್ತವೆ.

ಈ ತಿಂಗಳು ಮೂರು ಸಿನಿಮಾ ನೋಡಿದೆ. ಮೊದಲನೆಯದರಲ್ಲಿ ಒಬ್ಬ ಮುದಿ ತೋಟಗಾರ ಎರಡು ಗಂಟೆ ಪಾಚಿ ನೋಡುತ್ತಾನೆ. ಎಲ್ಲರೂ ನಿದ್ದೆಹೋದರು. ನಾನು ಮಾತ್ರ ಆ ಹಸಿರಿಗೆ ಎಷ್ಟು ಹಳದಿ ಬೆರೆಸಬೇಕೆಂದು ಲೆಕ್ಕ ಹಾಕುತ್ತಾ ಸುಖವಾಗಿದ್ದೆ. ಎರಡನೆಯದರಲ್ಲಿ ಒಬ್ಬ ಕತ್ತಿವರಸೆಯ ಹೆಂಗಸು ಇಪ್ಪತ್ತು ವರ್ಷ ಕಾದು, ಕೊನೆಗೆ ವೈರಿಯ ಕುತ್ತಿಗೆ ಬಿಟ್ಟು ಹೆಬ್ಬೆರಳು ಕತ್ತರಿಸುತ್ತಾಳೆ. ನನ್ನ ಪಕ್ಕದವನು, "ಅಯ್ಯೋ, ಇಷ್ಟಕ್ಕೇನಾ ಇಷ್ಟು ವರ್ಷ ಕಾದಿದ್ದು!" ಎಂದ. ಮೂರ್ಖ. ಹೆಬ್ಬೆರಳಿಲ್ಲದವನು ದಿನಕ್ಕೆ ಮೂರು ಹೊತ್ತು, ಅನ್ನ ತಿನ್ನುವ ಕಡ್ಡಿ ಹಿಡಿಯುವಾಗಲೆಲ್ಲ, ಅವಳನ್ನು ನೆನೆಯಬೇಕು.

ಮೂರನೆಯದು ಸಾಕ್ಷ್ಯಚಿತ್ರ; ಬಿಡುಗಡೆಗೆ ಮುಂಚೆ ಪಕ್ಕದ ಊರಿನಲ್ಲಿ ಪತ್ರಿಕೆಯವರಿಗೆ ತೋರಿಸಿದಾಗ ನೋಡಿದೆ. ಅದರ ನಾಯಕ ನಮ್ಮ ಮ್ಯಾನೇಜರ್ ಖಾಂಗ್. ಹೌದು, ಅಪ್ಪ ಮೂವತ್ತೊಂದು ವರ್ಷ ಸಿನಿಮಾ ಬೋರ್ಡುಗಳಿಗೆ ಚಿತ್ರ ಬರೆದ ಚಿತ್ರಮಂದಿರದಲ್ಲಿ ಟಿಕೆಟ್ಟು ಎಣಿಸುತ್ತಾ ಕೂತಿದ್ದನಲ್ಲ, ಅವನೇ. ಈಗ ಅವನು "ಈ ಊರಿನ ಕೊನೆಯ ಬೋರ್ಡು ಕಲಾವಿದ" ಅಂತೆ. ಅಪ್ಪನ ಬೋರ್ಡುಗಳ ಫೋಟೋ ಒಂದೊಂದಾಗಿ ಬಂದವು. ಒಂದೊಂದಕ್ಕೂ ಅವನು, "ಇದು ನಾನು ಜ್ವರದಲ್ಲಿದ್ದಾಗ ಬರೆದದ್ದು" ಎಂದು ಕಣ್ಣೊರೆಸಿಕೊಂಡ. ಅಪ್ಪ ಯಾವುದಕ್ಕೂ ಸಹಿ ಹಾಕಲಿಲ್ಲ. ಹದಿನೈದು ದಿನಕ್ಕೊಮ್ಮೆ ಸುಣ್ಣ ಬಳಿದು ಅದೇ ಹಲಗೆಯ ಮೇಲೆ ಮುಂದಿನ ಸಿನಿಮಾ ಬರೆಯುವವರಲ್ಲಿ ಯಾರು ತಾನೇ ಸಹಿ ಹಾಕುತ್ತಾರೆ? ಕಳ್ಳನಿಗೆ ಅಷ್ಟು ಸಾಕಾಯಿತು.

ಆದರೆ ಕ್ಯಾಮೆರಾದ ಮುಂದೆ ಕುಂಚ ಹಿಡಿದು ಅವನು ಸಿಕ್ಕಿಬಿದ್ದ. ದೊಡ್ಡ ಹಲಗೆಯ ಮೇಲೆ ಒಂದು ಮುಖ ಬರೆದ, ಕನ್ನಡಿಯಲ್ಲಿ ಕಂಡಷ್ಟು ಸರಿಯಾಗಿ! ಅಪ್ಪ ನನ್ನ ತಲೆಗೆ ಮೊಟಕಿ ಹೇಳುತ್ತಿದ್ದದ್ದು ನೆನಪಿದೆಯೇ? "ಹಣೆ ಒಂದು ಗೇಣು ಜಾಸ್ತಿ ಎಳಿಯೇ ಹುಡುಗಿ. ನೋಡೋನು ನಿನ್ನ ಪಕ್ಕ ಕೂತಿಲ್ಲ, ಮೂವತ್ತಡಿ ಕೆಳಗೆ ಸ್ಕೂಟರ್ ಮೇಲೆ ಹೋಗ್ತಾನೆ; ಅಲ್ಲಿಂದ ಹಣೆ ಕುಗ್ಗಿ ಕಾಣುತ್ತೆ." ಒಂದೇ ಒಂದು ಬೋರ್ಡನ್ನು ಮೇಲೇರಿಸಿದವನಿಗೂ ಗೊತ್ತಿರುವ ಮಾತು. ಪತ್ರಿಕೆಯವರು ಮಾತ್ರ ಚಪ್ಪಾಳೆ ತಟ್ಟಿದರು.

ಆ ಚಿತ್ರ ನಮ್ಮೂರಿಗೆ ಬಂದಾಗ ಬೋರ್ಡು ಬರೆಯಲು ನನ್ನನ್ನೇ ಕರೆದರು. ಒಪ್ಪಿಕೊಂಡೆ. ಖಾಂಗನ ಮುಖವನ್ನು ಅವನದೇ ವಿದ್ಯೆಯಲ್ಲಿ, ಅಳತೆ ಪಟ್ಟಿ ಇಟ್ಟು, ಕೂದಲೆಳೆಯಷ್ಟೂ ತಪ್ಪದೆ ಬರೆದೆ. ನಿನ್ನೆ ಮೇಲೇರಿಸಿದರು. ಬೀದಿಯಿಂದ ನೋಡಿದರೆ ಹುಬ್ಬಿನ ಮೇಲೆ ನೇರವಾಗಿ ಕೂದಲು, ಕೆಳಗೆ ಸೋರೆಕಾಯಿಯಂಥ ಗದ್ದ. ಟರ್ಕಿ ಕೋಳಿ ಅನ್ನದಂಗಡಿಯ ಹುವೇಯಿ ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಏನಮ್ಮಾ, ಮ್ಯಾನೇಜರ್ ಸಾಹೇಬರ ಹಣೆ ಎಲ್ಲಿ ಬಿದ್ದುಹೋಯ್ತೇ?" ಎಂದು ಕೂಗಿದಳು. "ಅವ್ರು ಕಲಿಸಿದ ಹಾಗೇ ಬರ್ದಿದೀನಿ ಅತ್ತೆ" ಎಂದೆ. ಬೀದಿಯೆಲ್ಲ ನಕ್ಕಿತು. ನಾಳೆಯಲ್ಲ, ಅದರಾಚೆಯ ಭಾನುವಾರ, ಇಪ್ಪತ್ತನಾಲ್ಕಕ್ಕೆ, ಅದರ ಕೆಳಗೇ ಅವನಿಗೆ ಸನ್ಮಾನ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳು ಗಾಳಿಯಲ್ಲಿ ಹೊರಗೆ ತಿರುಗದಂತೆ ನೋಡಿಕೋ.

ನಿನ್ನ ತಂಗಿ,
ಪಿ-ಯುನ್

ಇನ್ನೊಂದು ಮಾತು. ಎಲ್ಲರೂ ಎದ್ದು ಹೋದರೂ ನಾನು ಸಿನಿಮಾದ ಕೊನೆಯ ಹೆಸರುಗಳನ್ನು ಓದಿಯೇ ಏಳುವವಳು. "ಫೋಟೋ ಕೊಟ್ಟವರಿಗೆ ಕೃತಜ್ಞತೆ" ಎಂಬುದರ ಕೆಳಗೆ ನಿನ್ನ ಹೆಸರೊಂದೇ ಇತ್ತು. ಏಕೆ ಕೊಟ್ಟೆ, ಅವನು ನಿನ್ನನ್ನು ಹೇಗೆ ಒಲಿಸಿದ ಎಂದು ಕೇಳುವುದಿಲ್ಲ. ಆ ಭಾನುವಾರ ಬಾ. ಅವನ ಎದುರು ನಿಂತು ಅಪ್ಪನ ಹೆಸರನ್ನು ಗಟ್ಟಿಯಾಗಿ ಹೇಳು. ಬರಲಾಗದಿದ್ದರೆ, ಮುಂದಿನ ತಿಂಗಳು ಹಿರಿಯರ ಸಮಾಧಿ ಶುಚಿಮಾಡುವ ಛಿಂಗ್‌ಮಿಂಗ್ ದಿನವೂ ಬರಬೇಡ. ಅಪ್ಪನ ಸಮಾಧಿಯ ಹುಲ್ಲು ಕೀಳಲು ನನ್ನ ಎರಡು ಕೈ ಸಾಕು.